ಬಾಯಿಬಡುಕ ಕೋಚ್

ಜನರು ತಮ್ಮ ಕೆಲಸದ ಗೊಂದಲವನ್ನು ತಾವೇ ಬಿಡಿಸಿಕೊಳ್ಳುವಂತೆ ಪ್ರಶ್ನೆ ಕೇಳುವುದು, ಆಮೇಲೆ ತೆಪ್ಪಗೆ ಕೂತು ಕೇಳಿಸಿಕೊಳ್ಳುವುದು ನನ್ನ ಕಸುಬು. ಕೋಚ್ ಎನ್ನುತ್ತಾರೆ. "ಮನೇಲಿ ಒಂದು ಮಾತು ಕಿವಿಗೆ ಹಾಕ್ಕೊಳ್ಳಲ್ಲ, ಕಂಡೋರ ಮಾತು ಕೇಳೋಕೆ ಫೀಸು ಬೇರೆ," ಎನ್ನುತ್ತಾಳೆ ನನ್ನವಳು. ನಾನು ಕೇಳಿಸದವನಂತೆ ಪೇಪರು ತಿರುವುತ್ತೇನೆ.

ನಮ್ಮಂಥವರ ಮೇಲೂ ಒಬ್ಬರು ಕಣ್ಣಿಡಬೇಕಂತೆ. ಅದಕ್ಕೆ ಸೂಪರ್‌ವಿಷನ್ ಎಂದು ಹೆಸರು. ನನ್ನ ಸೂಪರ್‌ವೈಸರ್ ನನಗಿಂತ ಹಿರಿಯಾಕೆ. ಅಕ್ಕ ಎಂದೇ ಕರೆಯುತ್ತೇನೆ. ಆವತ್ತು ನಾನು ಅವರಲ್ಲಿಗೆ ಹೋದದ್ದು ಶಹಭಾಸ್ ಅನ್ನಿಸಿಕೊಳ್ಳಲು. ಹೋಟೆಲೊಂದರ ಮುಖ್ಯ ಅಡುಗೆಯಾಕೆಗೆ ಮ್ಯಾನೇಜರ್ ಹುದ್ದೆ ಬಂದಿತ್ತು. ಒಪ್ಪುವುದೋ ಬೇಡವೋ ತಿಳಿಯದೆ ನನ್ನ ಬಳಿ ಬರುತ್ತಿದ್ದರು. ಮಾರನೇ ದಿನ ನನ್ನನ್ನು ಕಂಡು, ಅಲ್ಲಿಂದ ನೇರ ಹೋಗಿ ಮಾಲೀಕರಿಗೆ ಉತ್ತರ ಹೇಳುವವರಿದ್ದರು. "ಒಪ್ಪಿಸಿಬಿಟ್ಟೆ ಅಕ್ಕ," ಎಂದೆ, ಎದೆ ಉಬ್ಬಿಸಿ.

"ಹೇಗೆ ಒಪ್ಪಿಸ್ದೆ?" ಎಂದು ಒಂದೊಂದನ್ನೇ ಕೇಳಿ ತಿಳಿದುಕೊಂಡರು. ಆಮೇಲೆ, "ಎದ್ದು ಈ ಕುರ್ಚಿಗೆ ಬಾ. ಈಗ ನೀನು ಆಕೆ, ನಾನು ನೀನು," ಎಂದು ನನ್ನ ಮಾತನ್ನೇ ನನ್ನ ಮೇಲೆ ಸುರಿದರು. ಇಂಥ ಅವಕಾಶ ಮತ್ತೆ ಬರಲ್ಲ, ನಿಮ್ಮ ಬೆಲೆ ನಿಮಗೇ ಗೊತ್ತಿಲ್ಲ, ಮ್ಯಾನೇಜರ್ ಕುರ್ಚಿ ನನಗೆ ಎರಡು ಸಲ ಕೈತಪ್ಪಿತು, ಆ ಸಂಕಟ ನನಗೇ ಗೊತ್ತು... ನಾನು ಬಾಯಿ ತೆರೆದಾಗಲೆಲ್ಲ ಇನ್ನೊಂದು ಮಾತು. ಕೊನೆಗೆ "ಹೂಂ ಸರ್" ಅಂದುಬಿಟ್ಟೆ. ಈ ಮನುಷ್ಯ ಒಮ್ಮೆ ಸುಮ್ಮನಾದರೆ ಸಾಕಪ್ಪ ಅನ್ನಿಸಿತ್ತು.

"ಈಗ ಹೇಳು, ಆ ಕುರ್ಚಿ ಯಾರಿಗೆ ಬೇಕಾಗಿರೋದು?" ಎಂದರು ಅಕ್ಕ. ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು. ನಾಚಿಕೆಯಿಂದ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ.

ಮಾರನೇ ದಿನ ಅಡುಗೆಯಾಕೆ ಬಂದು ಕೂತರು. "ನಿಮಗೆ ಏನು ಬೇಕು?" ಎಂದು ಕೇಳಿ ಬಾಯಿಗೆ ಬೀಗ ಹಾಕಿಕೊಂಡೆ. ನಾಲಿಗೆ ತುದಿಗೆ ಬಂದ ಉಪದೇಶವನ್ನೆಲ್ಲ ನೀರು ಕುಡಿದು ನುಂಗಿದೆ. ಲೋಟ ಖಾಲಿಯಾಯಿತು, ಉಪದೇಶ ಮುಗಿದಿರಲಿಲ್ಲ.

"ಗಂಟಲು ಕಟ್ಟಿದೆಯಾ ಸರ್?" ಎಂದರು ಆಕೆ, ನಿಜವಾದ ಕಾಳಜಿಯಿಂದ.

ಇಲ್ಲವೆಂದು ತಲೆಯಾಡಿಸಿದೆ. ಆಕೆ ತಮ್ಮ ಅಂಗೈ ನೋಡಿಕೊಂಡು ಹೇಳಿದರು:

"ನಂಗೆ ಒಲೆ ಮುಂದೇನೇ ಇಷ್ಟ ಸರ್. ಆಫೀಸಲ್ಲಿ ಕೂರ್ಸಿದ್ರೆ ಸೊರಗಿ ಹೋಗ್ತೀನಿ. ನಿಮಗೆ ಸಿಗದೇ ಇದ್ದ ಕುರ್ಚಿ, ನಾನು ಬೇಡ ಅಂದ್ರೆ ನೀವು ನೊಂದ್ಕೋತೀರಿ ಅಂತ ಒಪ್ಕೊಳ್ಳೋಕೆ ಹೊರಟಿದ್ದೆ."