ಮೊದಲು ನೊರೆ, ಆಮೇಲೆ ಆರತಿ

ಸ್ವೀಡನ್ನಿನವರಿಗೆ ಮನೆ ಬೆಚ್ಚಗಿಡುವುದನ್ನು ಕಲಿಸಿದವನೇ ನಾನು. ಇವತ್ತು ಟೋರ್ಸ್‌ಲಾಂಡದ ನಮ್ಮ ಮನೆಯ ಗ್ಯಾಸ್ ಹೀಟರ್ ನೋಡಲು ಬಂದ ಮೆಕ್ಯಾನಿಕ್ ಪೈಪಿಗೆ ಸೋಪಿನ ನೊರೆ ಬಳಿದಾಗ ಮಾತ್ರ ಊರಿನ ಅಡುಗೆಮನೆ ಕಣ್ಮುಂದೆ ಬಂತು.

ನಾನು ಚಿಕ್ಕವನಿದ್ದಾಗ, ಮನೆಗೆ ಮೊದಲ ಸಿಲಿಂಡರ್ ಬಂದ ದಿನ, ದೊಡ್ಡಪ್ಪ ಅದಕ್ಕೆ ವಿಭೂತಿ ಬಳಿದು, ಹೂ ಮುಡಿಸಿ, ಕರ್ಪೂರ ಹಚ್ಚಲು ಕಡ್ಡಿ ತೆಗೆದಿದ್ದರು. ಚಿಕ್ಕಮ್ಮ ಕಡ್ಡಿಪೆಟ್ಟಿಗೆ ಕಿತ್ತುಕೊಂಡರು.

"ಮೊದಲು ನೊರೆ ಭಾವ, ಆರತಿ ಆಮೇಲೆ."

ರೆಗ್ಯುಲೇಟರಿಗೆ ಬಟ್ಟೆಸೋಪಿನ ನೊರೆ ಹಚ್ಚಿದರೆ, ಸೋರುತ್ತಿದ್ದ ಗ್ಯಾಸಿಗೆ ನಿಂಬೆಹಣ್ಣಿನಷ್ಟು ಗುಳ್ಳೆ ಉಬ್ಬಿತು. ದೊಡ್ಡಪ್ಪ ಕರ್ಪೂರವನ್ನು ಮತ್ತೆ ಡಬ್ಬಿಗೆ ಹಾಕಿದರು.

ಇವತ್ತು ನನ್ನ ಪೈಪಿನಲ್ಲೂ ಅದೇ ಗುಳ್ಳೆ. ಮೂರು ವರ್ಷದಿಂದ ಸರ್ವಿಸ್ ಮಾಡಿಸದೆ ದುಡ್ಡು ಉಳಿಸಿದೆನೆಂದು ಜಂಬ ಕೊಚ್ಚಿದವನು, ಆಯುಧಪೂಜೆಗೆ ಇದರ ಮುಂದೆಯೇ ಕರ್ಪೂರ ಹಚ್ಚಿದ್ದೆ. ರಿಪೇರಿಗೆ ಎರಡು ಸಾವಿರ ಎಂದು ಹೆಂಡತಿಗೆ ಹೇಳಿದ್ದೇನೆ. ಹೋದದ್ದು ಹದಿನೆಂಟು ಸಾವಿರ ಕ್ರೋನರ್.