ಅಂಟುಪಟ್ಟಿಯ ಕೆಳಗಿನ ಕಪ್ಪು

ಇಸ್ತ್ರಿ ಅಜ್ಜಿಯ ಬಾಯಿ ಅವಳ ಇಸ್ತ್ರಿಪೆಟ್ಟಿಗೆಗಿಂತ ಬಿಸಿ ಎಂದು ಬೀದಿಯವರೆಲ್ಲ ನಗುತ್ತಿದ್ದರು. ಮೊಮ್ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ದಿನ ಆ ಬಾಯಿಗೆ ಬೀಗ ಬಿತ್ತು. ಮಗಳು ಕಾರ್ಖಾನೆಯ ಕೆಲಸ ಬಿಡುವಂತಿರಲಿಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ಮಗುವಿನ ಪಕ್ಕ ಅಜ್ಜಿಯೇ ಕೂತಳು.

ಔಷಧಿ ರೋಗದ ಜೊತೆಗೆ ಮೈಯ ಕಾವಲನ್ನೂ ಹೊಡೆದುಹಾಕಿತ್ತು. "ಧೂಳು ಕೂಡ ತಾಗಬಾರದು ಅಜ್ಜಿ" ಎಂದಿದ್ದಳು ನರ್ಸ್. ಅಜ್ಜಿ ಕಿಟಕಿ ಭದ್ರವಾಗಿ ಮುಚ್ಚಿದಳು. ಆದರೆ ಎದುರಿಗೆ ಹಳೆಯ ಕಟ್ಟಡ ಕೆಡವುತ್ತಿದ್ದರು; ಎಷ್ಟು ಒರೆಸಿದರೂ ಕಿಟಕಿಯ ಅಂಚಿನಲ್ಲಿ ಮತ್ತೆ ಬೂದು ಪುಡಿ ಕೂರುತ್ತಿತ್ತು.

ಒಂದು ಬೆಳಿಗ್ಗೆ ಮಗು ಮುಂಗೈ ಕೆರೆದುಕೊಂಡಿತು. ಔಷಧಿಯ ಸೂಜಿ ಕದಲದಂತೆ ಅಲ್ಲಿ ಅಂಟುಪಟ್ಟಿ ಸುತ್ತಿದ್ದರು.

"ಅಜ್ಜೀ, ಉರೀತಿದೆ."

"ಬೆವರುಗುಳ್ಳೆ ಇರ್ಬೇಕು ಪುಟ್ಟಿ, ಕೆರೀಬೇಡ."

ಹಾಗೆಂದರೂ ಜೀವ ತಡೆಯಲಿಲ್ಲ. ಮಧ್ಯಾಹ್ನ ನರ್ಸನ್ನು ಕರೆದಳು. ಪಟ್ಟಿ ಬಿಚ್ಚಿದರೆ ಕೆಂಪು ಕಲೆ, ನಡುವೆ ಕಪ್ಪು, ಬಟ್ಟೆಗೆ ಕಿಡಿ ಹಾರಿದ ಹಾಗೆ. ನರ್ಸ್ ಡಾಕ್ಟರನ್ನು ಕರೆಯಲು ಹೊರಗೆ ಓಡಿದಳು.

ಡಾಕ್ಟರ್ ಕಲೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು, ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಸಂಜೆಗೆ ಕಪ್ಪು ಆ ಗೆರೆ ದಾಟಿತ್ತು.

"ಫಂಗಸ್ ಅಜ್ಜಿ," ಎಂದರು ಡಾಕ್ಟರ್. "ಬ್ರೆಡ್ ಮೇಲೆ ಬೂಷ್ಟು ಹಿಡಿಯುತ್ತಲ್ಲ, ಅದೇ ಜಾತಿ, ಧೂಳಲ್ಲೂ ಇರುತ್ತೆ. ನಮ್ಮ ನಿಮ್ಮ ಚರ್ಮಕ್ಕೆ ಏನೂ ಮಾಡಲ್ಲ. ಇವಳಲ್ಲಿ ಬೇರು ಬಿಡ್ತಿದೆ. ಕತ್ತರಿಸಿ ತೆಗೀಬೇಕು."

"ಕೈನಾ?"

"ಈಗ ಚರ್ಮ ಮಾತ್ರ. ತಡ ಮಾಡಿದ್ರೆ ಹೇಳೋಕಾಗಲ್ಲ."

ಕೆಲಸದ ಬಟ್ಟೆಯಲ್ಲೇ ಓಡಿಬಂದ ಮಗಳು ಸಿಡಿದಳು: "ಅಮ್ಮಾ, ನೀನು ಇಲ್ಲೇ ಇದ್ದೆಯಲ್ಲ!" ಬೆಳಿಗ್ಗೆಯೇ ಕರೆಯಬೇಕಿತ್ತು ಎಂದುಕೊಳ್ಳುತ್ತ ಅಜ್ಜಿ ಮತ್ತೆ ಕಿಟಕಿಯ ಅಂಚು ಒರೆಸತೊಡಗಿದಳು.

ಕೊಳೆತ ಭಾಗ ತೆಗೆದರು. ಅವಳದೇ ತೊಡೆಯ ಚರ್ಮ ತಂದು ಮುಚ್ಚಿದರು. ವಾರಗಟ್ಟಲೆ ನರದೊಳಗೆ ಮದ್ದು ಇಳಿಯಿತು, ಜ್ವರ ಏರಿ ಇಳಿದು ಮತ್ತೆ ಏರಿತು. ಕೊನೆಗೆ ಕೈ ಉಳಿಯಿತು. ಕಿರುಬೆರಳು ಮಾತ್ರ ನೆಟ್ಟಗಾಗಲಿಲ್ಲ. ಮಗಳು ಒಂದು ದಿನ ತಾನಾಗಿಯೇ ಅಮ್ಮನ ತಟ್ಟೆಗೆ ಅನ್ನ ಬಡಿಸಿದಳು. ಅಷ್ಟಕ್ಕೇ ರಾಜಿಯಾಯಿತು.

ಕ್ಯಾನ್ಸರಿನ ಔಷಧಿ ಇನ್ನೂ ಮುಗಿದಿರಲಿಲ್ಲ. ಅದು ಮೈಗೆ ಇಳಿದಂತೆ ಮೈಯ ಕಾವಲು ಮತ್ತೆ ಕುಸಿಯುವುದು ಖಂಡಿತ. ಈ ಸಲ ಸೂಜಿ ಇನ್ನೊಂದು ಕೈಗೆ.

"ಈ ಕೈ ಚೆನ್ನಾಗಿದ್ಯಾ ಅಜ್ಜಿ?"

"ಚಿನ್ನದ ಹಾಗಿದೆ ಕಂದ" ಎಂದಳು ಅಜ್ಜಿ. ಕಣ್ಣು ಮಾತ್ರ ಹೊಸ ಪಟ್ಟಿಯ ಅಂಚಿನಲ್ಲೇ ನೆಟ್ಟಿತ್ತು.