ದುಂಡವ್ವ ರಬ್ಬರ್ ಮೀನು ಎಸೆದದ್ದು

ನಿಪ್ಪಾಣಿಯ ಆ ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸರೆಲ್ಲ ಕೆಮ್ಮುತ್ತಾರೆ. ಆದರೆ ದುಂಡವ್ವನ ಕೆಮ್ಮೇ ಬೇರೆ. ಅದು ಶುರುವಾದರೆ ಎದುರು ಮನೆಯ ಕೋಳಿ ಸಹ ಕಾಳು ಬಿಟ್ಟು ತಲೆ ಎತ್ತಿ ನೋಡುತ್ತಿತ್ತು. ಗಂಡ ತೀರಿದ ಮೇಲೆ ಮೊರದಲ್ಲಿ ತಂಬಾಕು ಹಾಕಿಕೊಂಡು ಕೂತವಳು, ಮಗಳನ್ನು ರಾಯಬಾಗಕ್ಕೆ ಕೊಟ್ಟು ಮದುವೆ ಮಾಡಿದರೂ ಆ ಮೊರದ ಮುಂದಿನಿಂದ ಎದ್ದಿರಲಿಲ್ಲ. ಡಾಕ್ಟರರು ಎದೆಗೆ ಕೊಳವೆ ಇಟ್ಟು ನೋಡಿ, "ತಂಬಾಕ ಬಿಡಬೇಕವ್ವಾ" ಅಂದರು. "ನಾ ಸೇದೂದಿಲ್ರಿ, ಬರೇ ಕಟ್ಟತೀನಿ" ಅಂದಳು. "ಸೇದಿದ್ರ ಒಬ್ಬರ ಬೀಡಿ ಹೊಗಿ ಒಳಗ ಹೋಗತೈತಿ, ನೀ ಊರ ಮಂದಿ ಬೀಡಿ ಧೂಳ ನುಂಗಾಕತ್ತಿ" ಅಂದರು ಡಾಕ್ಟರರು. ಮಾತು ಖರೆ. ಆದರೆ ಬಿಟ್ಟು ಹೋಗುವುದಾದರೂ ಎಲ್ಲಿಗೆ?

ಎಲ್ಲಿಗೆ ಎನ್ನುವುದಕ್ಕೆ ಉತ್ತರ ಆ ವರ್ಷ ಬೇಸಿಗೆಯಲ್ಲಿ ತಾನಾಗಿಯೇ ಬಂತು. ಊರ ಹೊರಗೆ, ವೇದಗಂಗೆಯ ದಾರಿಯಲ್ಲಿ ಚಂದ್ರಮತಿಬಾಯಿಯವರ ಕಬ್ಬಿನ ಹೊಲ. ಜೈನರ ಮನೆತನ, ತಲೆತಲಾಂತರದಿಂದ ಅಲ್ಲಿಯವರೇ. ಹೊಲದ ನಡುವೆ ಒಂದು ಹೊಂಡ. ತಳಕ್ಕೆ ಕರಿ ಪ್ಲಾಸ್ಟಿಕ್ ಹಾಳೆ ಹಾಸಿ, ನದಿಯಿಂದ ಪೈಪಿನಲ್ಲಿ ನೀರು ತಂದು ತುಂಬುವಂಥದ್ದು. ಬಾಯಿಯವರು ಅದರಲ್ಲಿ ಬುಟ್ಟಿಗಳಿಗೆ ಮಣ್ಣು ತುಂಬಿಸಿ ತಾವರೆ ಇಳಿಸಿದ್ದರು, ಬಸದಿಯ ಪೂಜೆಗೆ. ಕೆಂಪು, ಹಳದಿ ಸಣ್ಣ ಮೀನು ಬಿಟ್ಟಿದ್ದರು, ನೋಡಲಿಕ್ಕೆ. ದಿನಾ ಬೆಳಿಗ್ಗೆ ಚುರಮುರಿ ಹಾಕುವುದು, ಅವು ಮುಗಿಬೀಳುವುದನ್ನು ನೋಡುತ್ತ ನಿಲ್ಲುವುದು. ಹೊಂಡ ಕಾಯುತ್ತಿದ್ದ ಮುರಗೆಪ್ಪ ಮೊಣಕಾಲು ನೋವೆಂದು ಕೆಲಸ ಬಿಟ್ಟಿದ್ದ. ಆ ಕಾವಲಿನ ಕೆಲಸ ಖಾಲಿ ಇತ್ತು. ಪಂಪು ಹಚ್ಚುವುದು, ಹೂ ಕೀಳುವುದು, ಮೀನಿಗೆ ಹಾಕುವುದು. ಅಲ್ಲಿ ತಂಬಾಕಿನ ಒಂದು ಎಲೆಯೂ ಇಲ್ಲ, ಬರೀ ಗಾಳಿ.

ದುಂಡವ್ವ ಹೋಗಿ ಕೇಳಿದಳು. ಚಂದ್ರಮತಿಬಾಯಿಯವರು ಹೊಂಡದ ದಂಡೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು.

"ಕಾಯಾಕ ಏನ ಉಳದೈತೆವ್ವಾ ಇಲ್ಲಿ? ನೋಡು."

ನೀರಿನಲ್ಲಿ ಬಣ್ಣ ಇರಲಿಲ್ಲ. ಎಲ್ಲೋ ಒಂದೆರಡು ಕೆಂಪು ಮೀನು ತಾವರೆ ಎಲೆಯ ಕೆಳಗೆ ಹೆದರಿ ನಿಂತಿದ್ದವು. ಆಗ ನಡುವೆ ಒಂದು ಕರೀ ಮೂತಿ ಮೇಲೆ ಬಂದು, 'ಗುಳಕ್' ಎಂದು ಗಾಳಿ ನುಂಗಿ, ಕೆಳಗೆ ಹೋಯಿತು. ದುಂಡವ್ವನಿಗೆ ಗುರುತು ಹೇಳಬೇಕಾಗಿರಲಿಲ್ಲ. ಅದು ಮರಳ್ ಮೀನು. ಕೆಳಗಿನ ಸೀಮೆಯವರು ಕೊರವ ಮೀನು ಅನ್ನುತ್ತಾರೆ. ಹಾವಿನ ತಲೆ, ಹುಲಿಯ ಹಸಿವು. ಮರಿ ಇದ್ದಾಗ ಪೈಪಿನೊಳಗಿಂದ ಬಂದು, ಬಾಯಿಯವರ ಬಣ್ಣದ ಮೀನು ತಿಂದು ತಿಂದು ತೋಳಿನಷ್ಟು ಉದ್ದವಾಗಿತ್ತು.

"ಹಿಡಿಸಿ ಒಗೀರಿ."

"ಕೊಲ್ಲಬಾರದು. ಅದೂ ಜೀವಾನ. ಜ್ವಾಕಿಯಿಂದ ಹಿಡದು ನದಿಗೆ ಬಿಡಬೇಕು."

"ನದ್ಯಾಗ ಅದು ಮೀನ ತಿನ್ನೂದಿಲ್ಲೇನ್ರಿ ಬಾಯಾರ?"

"ತಿಂತೈತಿ. ನನ್ನ ಕಣ್ಮುಂದ ತಿನ್ನಬಾರದು ಅಷ್ಟ."

ಬಲೆ ಹಾಕುವುದು ಆಗಲೇ ಮುಗಿದಿತ್ತು. ದುಂಡವ್ವನ ತಮ್ಮ ಹಾಲಸಿದ್ದ ಹಿಂದಿನ ವಾರ ಬಂದು ಬಲೆ ಬೀಸಿ, ಸೀಸದ ಗುಂಡು ಹಾಳೆಗೆ ಸಿಕ್ಕು, ಹಾಳೆ ಹರಿದು, ಅರ್ಧ ನೀರು ಕಬ್ಬಿಗೆ ಹೋಗಿತ್ತು. ಅದನ್ನು ತೇಪೆ ಹಚ್ಚಿಸಿ ಮತ್ತೆ ತುಂಬಿಸಿದ ಮೇಲೆ ಬಾಯಿಯವರು ಬಲೆ ಅನ್ನುವ ಮಾತನ್ನೇ ಆಡಗೊಡುತ್ತಿರಲಿಲ್ಲ. ಗಾಳ ಹಾಕಬಹುದು. ಆದರೆ ಗಾಳಕ್ಕೆ ಎರೆಹುಳ ಚುಚ್ಚಬಾರದು, ಕಪ್ಪೆ ಚುಚ್ಚಬಾರದು, ಮರಿಮೀನು ಚುಚ್ಚಬಾರದು. ಮರಳ್ ಮೀನೋ ಹಿಟ್ಟಿನ ಉಂಡೆಯನ್ನು ಮೂಸಿಯೂ ನೋಡುವುದಿಲ್ಲ. ಜೀವ ಇದ್ದು ಓಡಾಡುವುದೇ ಬೇಕು ಅದಕ್ಕೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದ ಹಾಗೆ.

"ಮಹಾವೀರ ಜಯಂತಿಗೆ ಹೊಸ ಮೀನ ಬಿಡಬೇಕಂತ ಮಾಡೀನಿ," ಅಂದರು ಚಂದ್ರಮತಿಬಾಯಿಯವರು. "ಅಷ್ಟರೊಳಗ ಇದನ್ನ ಜೀವಂತ ತಗದವರಿಗೆ ಕಾವಲ. ಆಗಲಿಲ್ಲಂದ್ರ ಕಬ್ಬೂರ ಕಡಿಂದ ಒಬ್ಬ ಆಳ ಬರ್ತೀನಂದಾನ, ಅವನ್ನ ಇಟಗೋತೀನಿ."

"ನಾ ತಗೀತೀನ್ರಿ," ಅಂದುಬಿಟ್ಟಳು ದುಂಡವ್ವ.

ಅಂದಮೇಲೆ ಅವಳಿಗೇ ದಿಗಿಲಾಯಿತು. ಅವಳು ಮೀನು ಹಿಡಿಯುವ ಭೋಯಿಯರ ಮಗಳು ನಿಜ, ಅಪ್ಪ ಗುರಪ್ಪ ವೇದಗಂಗೆಯಲ್ಲಿ ಹೆಸರಾದ ಮೀನುಗಾರ ನಿಜ. ಆದರೆ ಆ ಮನೆಯಲ್ಲಿ ಬಲೆ, ಗಾಳ ಗಂಡಸರದು; ಹೆಂಗಸರದು ಮಾರುವ ಬುಟ್ಟಿ. ಸಣ್ಣವಳಿದ್ದಾಗ ಅಪ್ಪನ ಮಗ್ಗುಲಿಗೆ ಕೂತು ಹಿಟ್ಟಿನ ಗಾಳ ಹಾಕಿದ್ದಳು. ದೊಡ್ಡವಳಾದ ದಿನವೇ ಅವ್ವ ಕೈಯಿಂದ ಗಾಳ ಕಸಿದು ತಲೆಗೆ ಸಿಂಬಿ ಇಟ್ಟಿದ್ದಳು.

ದಾರಿ ತೋರಿಸಿದವನು ಎದುರು ಮನೆಯ ಸಂಜಯ. ನಿಪ್ಪಾಣಿಯ ಕಾಯಿಪಲ್ಲೆಯನ್ನು ಗಾಡಿಯಲ್ಲಿ ಗೋವಾಕ್ಕೆ ಒಯ್ಯುವವನು. ಮಾಲು ಇಳಿಸಿ ಕಾಯುವ ಹೊತ್ತಿನಲ್ಲಿ ಅಲ್ಲಿಯವರ ಜೊತೆ ಖಾಡಿಯಲ್ಲಿ, ಸಮುದ್ರದ ಹಿನ್ನೀರಿನಲ್ಲಿ, ಮೀನು ಹಿಡಿಯುವ ಚಟ ಹತ್ತಿಸಿಕೊಂಡಿದ್ದ. ದುಂಡವ್ವನ ಕಥೆ ಕೇಳಿ ನಕ್ಕು, ಗಾಡಿಯ ಸೀಟಿನ ಹಿಂದಿನಿಂದ ರೀಲು ಹಚ್ಚಿದ ಗಾಳದ ಕೋಲು, ಒಂದು ಡಬ್ಬಿ ತೆಗೆದ. ಡಬ್ಬಿಯ ತುಂಬ ರಬ್ಬರಿನ ಮೀನು. ಬೆರಳಿನಷ್ಟು ಉದ್ದ, ಬೆಳ್ಳಿ ಹೊಟ್ಟೆ, ಕರಿ ಬೆನ್ನು, ಕಣ್ಣು ಸಹಿತ. ಮುಟ್ಟಿದರೆ ಮೆತ್ತಗೆ. ಬಾಲದ ತುದಿ ಮಾತ್ರ ಸೌಟಿನ ಹಾಗೆ ಅಗಲ.

"ಅಯ್ಯ ನಮ್ಮಪ್ಪಾ, ಇದೇನ ಹುಡುಗರು ಆಡೂದು!"

"ಆಡೂದ ಹೌದ ಮಾವಶಿ. ಆದ್ರ ಆಡಸಬೇಕಾದವರು ನಾವು."

ಗಾಳವನ್ನು ರಬ್ಬರ್ ಮೀನಿನ ಮೂತಿಯಿಂದ ಹೊಗಿಸಿ, ಬೆನ್ನಿನಲ್ಲಿ ಅಡಗಿಸಿ ಇಡುವುದನ್ನು ತೋರಿಸಿದ. ಹಾಗಿದ್ದರೆ ತಾವರೆ ದಂಟಿಗೆ ಸಿಗುವುದಿಲ್ಲ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ನುಣುಪು ಮಾಡಿದ, ಮೀನಿನ ಬಾಯಿ ಹರಿಯಬಾರದೆಂದು. "ಹಿಮ್ಮುಳ್ಳ ಇಲ್ಲಂದ್ರ ಒಂದು ಮಾತ ನೆನಪಿಡು. ದಾರ ಸಡ್ಲ ಬಿಟ್ಟಿ, ಮೀನ ಹೋತು."

ಮರುದಿನ ಮುಂಜಾನೆ ದುಂಡವ್ವ ಹೊಂಡಕ್ಕೆ ಹೋಗಿ ಎಸೆದಳು, ಮತ್ತೆ ಅಪ್ಪನ ಹಾಗೆ ಕುಕ್ಕರಗಾಲಲ್ಲಿ ಕೂತಳು. ಹೊತ್ತು ಏರಿತು. ರಬ್ಬರ್ ಮೀನು ತಳ ಸೇರಿ ಮಲಗಿತ್ತು, ಮರಳ್ ಮೀನು ಅದರ ಮೇಲಿಂದಲೇ ಹಾದು ಹೋಯಿತು. ಕಾಯಿಪಲ್ಲೆ ತುಂಬಿಸಿಕೊಳ್ಳಲು ಪಕ್ಕದ ಹೊಲಕ್ಕೆ ಬಂದ ಸಂಜಯ ನೋಡಿ ಹಣೆ ಬಡಿದುಕೊಂಡ.

"ಮಾವಶಿ, ಅದೇನ ಹಿಟ್ಟಿನ ಉಂಡಿ ಅಲ್ಲ! ಅದರಾಗ ಜೀವ ಇಲ್ಲ, ಜೀವ ನೀ ಕೊಡಬೇಕು. ರೀಲ ತಿರುಗಸು. ಸಾವಕಾಶ. ಹಾಂ, ಈಗ ಬಾಲ ನೋಡು."

ನೀರಿನೊಳಗೆ ರಬ್ಬರಿನ ಬಾಲ ಅಲ್ಲಾಡಿತು. ಅದು ಈಸಿತು! ದುಂಡವ್ವ ಚಿಕ್ಕ ಹುಡುಗಿಯ ಹಾಗೆ ಬಾಯಿ ತೆರೆದು ನೋಡಿದಳು. ಜೋರಾಗಿ ತಿರುಗಿಸಿದರೆ ಹೆದರಿ ಓಡುವ ಮೀನು. ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಗಾಯವಾದ ಮೀನು. ಅವತ್ತಿನಿಂದ ಅವಳ ಕೈಗೆ ಆ ಆಟ ಹತ್ತಿತು. ಮಧ್ಯಾಹ್ನವೆಲ್ಲ ಬೀಡಿ, ಬೆಳಿಗ್ಗೆ ಸಂಜೆ ಹೊಂಡ. ಮರಳ್ ಮೀನು ಎಲ್ಲಿ ಉಸಿರು ತೆಗೆಯುತ್ತದೆ, ಅಲ್ಲಿಂದ ಯಾವ ಬುಟ್ಟಿಯ ಕಡೆಗೆ ಹೋಗುತ್ತದೆ ಎನ್ನುವುದು ತನ್ನ ಓಣಿಯ ದಾರಿಯಂತೆ ಗೊತ್ತಾಯಿತು. ಅದರ ಮೂತಿಯ ಮುಂದಿನಿಂದಲೇ ರಬ್ಬರ್ ಮೀನನ್ನು ಈಸಿಸುತ್ತಿದ್ದಳು. ಅದೂ ಬಿಡುತ್ತಿರಲಿಲ್ಲ. ನುಗ್ಗಿ ಬಂದು 'ಟಕ್' ಎಂದು ಕಚ್ಚುತ್ತಿತ್ತು.

ಕಚ್ಚುತ್ತಿತ್ತು, ಆ ಕ್ಷಣವೇ ಉಗುಳುತ್ತಿತ್ತು. ಪ್ರತಿ ಸಲ. ಎಳೆಯುವಷ್ಟರಲ್ಲಿ ದಾರ ಬರಿದು. ರಬ್ಬರಿನ ಬೆನ್ನಿನ ಮೇಲೆ ಹಲ್ಲಿನ ಗುರುತು ಮಾತ್ರ.

ಹಾಲಸಿದ್ದನಿಗೆ ಸುದ್ದಿ ಮುಟ್ಟಿ, ಬಾಯಲ್ಲಿ ಎಲಡಿಕೆ ಹಾಕಿಕೊಂಡು ನೋಡಲು ಬಂದ. "ಏನ ಬೇ ಅಕ್ಕಾ, ರಬ್ಬರ ಮೀನಿಗೆ ಉಪ್ಪ ಖಾರ ಹಚ್ಚೀಯಿಲ್ಲೋ? ಬೀಡಿ ಕಟ್ಟಾಕಿ ಮೀನ ಹಿಡದ್ರ, ನಾ ಕುಬಸ ತೊಟಗೊಂಡು ಕುಂಡ್ರಬೇಕಾಗತೈತಿ."

"ತೊಟಗೊಳ್ಳಾಕ ತಯಾರಾಗಲೇ," ಅಂದಳು ದುಂಡವ್ವ. ಹೇಳಿದಳೇ ಹೊರತು, ಎದೆಯಲ್ಲಿ ಧೈರ್ಯವಿರಲಿಲ್ಲ. ಜಯಂತಿ ಹತ್ತಿರ ಬರುತ್ತಿತ್ತು.

ಒಂದು ಬೆಳಿಗ್ಗೆ ಚಂದ್ರಮತಿಬಾಯಿಯವರು ಚುರಮುರಿ ಹಾಕುತ್ತ, "ನೀನೂ ನಾಕ ಹಾಕವ್ವಾ, ಪುಣ್ಯ ಬರತೈತಿ" ಎಂದು ಅವಳ ಅಂಗೈಗೂ ಸುರಿದರು. ಇಬ್ಬರೂ ಮಗ್ಗುಲಿಗೆ ಮಗ್ಗುಲು ನಿಂತು ಚೆಲ್ಲಿದರು. ಉಳಿದ ಒಂದೆರಡು ಕೆಂಪು ಮೀನು ಬಂದವು. ಬಾಯಿಯವರ ಚುರಮುರಿ ನುಂಗಿದವು. ದುಂಡವ್ವನದನ್ನು ಬಾಯಿಗೆ ತೆಗೆದುಕೊಂಡು, ಥೂ ಎಂದು ಬಿಟ್ಟು ಹೋದವು. ಮತ್ತೆ ಹಾಕಿದಳು, ಮತ್ತೆ ಬಿಟ್ಟವು.

ದುಂಡವ್ವ ತನ್ನ ಅಂಗೈ ತಿರುಗಿಸಿ ನೋಡಿದಳು. ಬೆರಳ ತುದಿ ಹಳದಿ, ಗೆರೆಗಳಲ್ಲಿ ಕಂದು. ಮೂಸಿದಳು, ಅವಳಿಗೆ ಏನೂ ವಾಸನೆ ಬರಲಿಲ್ಲ. ಇಷ್ಟು ವರ್ಷದಲ್ಲಿ ಮೂಗಿಗೆ ಅದೇ ಗಾಳಿಯಾಗಿ ಹೋಗಿತ್ತು. "ಬಾಯಾರ, ಮೂಸಿ ಹೇಳ್ರಿ" ಎಂದು ಕೈ ಚಾಚಿದಳು. ಚಂದ್ರಮತಿಬಾಯಿಯವರು ಬಗ್ಗಿ ಮೂಸಿ, ಸೀನಿ, ಸೆರಗು ಮೂಗಿಗೆ ಹಿಡಿದರು. "ತಂಬಾಕಿನ ವಖಾರಿ ಬಾಗಲಾ ತಗದಂಗಾತು!"

ಮರಳ್ ಮೀನು ರಬ್ಬರನ್ನು ಉಗುಳುತ್ತಿರಲಿಲ್ಲ, ದುಂಡವ್ವನ ಕಸಬನ್ನು ಉಗುಳುತ್ತಿತ್ತು.

ಸೀಗೆಕಾಯಿ ಹಾಕಿ ತಿಕ್ಕಿದಳು, ಹುಣಸೆಹುಳಿ ಹಾಕಿ ತಿಕ್ಕಿದಳು. ಮಧ್ಯಾಹ್ನ ಮತ್ತೆ ತಂಬಾಕಿನಲ್ಲಿ ಕೈ ಇಟ್ಟರೆ ತೊಳೆದದ್ದೆಲ್ಲ ನೀರುಪಾಲು. ವಾಸನೆ ಬಿಡಬೇಕೆಂದರೆ ಕೆಲಸವನ್ನೇ ಬಿಡಬೇಕು. ಬೀಡಿ ಕಾರಖಾನೆಯ ಕಾರಕೂನನಿಗೆ ಕೆಲವು ದಿನ ರಜೆ ಕೇಳಿದಳು.

"ಎಲಿ ಒಯ್ಯಲಿಲ್ಲಂದ್ರ ನಿನ್ನ ಜಾಗಾಕ್ಕ ಮತ್ತೊಬ್ಬಾಕಿ. ಸಾಲಿನಾಗ ಎಷ್ಟ ಮಂದಿ ನಿಂತಾರ ನೋಡೀಯಿಲ್ಲೋ?"

ದುಂಡವ್ವ ಸಾಲಿನ ಕಡೆ ನೋಡಿದಳು. ಮೀನು ಸಿಗದಿದ್ದರೆ ಅತ್ತ ಹೊಂಡವೂ ಇಲ್ಲ, ಇತ್ತ ಬೀಡಿಯೂ ಇಲ್ಲ. ಅವಳಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, "ಕೊಡ್ರಿ ಅವರಿಗೆ" ಅಂದು ಬರಿಗೈಯಲ್ಲಿ ಹೊರಗೆ ಬಂದಳು.

ಆಮೇಲೆ ಆ ಕೈಗಳಿಗೆ ಆದ ಸೇವೆ ಮದುಮಗಳ ಕೈಗೂ ಆಗಿರಲಿಕ್ಕಿಲ್ಲ. ಬೆಳಿಗ್ಗೆ ಅಕ್ಕಿ ತೊಳೆದ ನೀರು, ಮಧ್ಯಾಹ್ನ ಕಡಲೆಹಿಟ್ಟು, ಸಂಜೆ ಹೊಂಡದ ಪಾಚಿ. ಉಗುರು ಕತ್ತರಿಸಿ, ಕಲ್ಲಿಗೆ ತುದಿಬೆರಳು ತಿಕ್ಕಿ ತಿಕ್ಕಿ ಹೊಸ ಚರ್ಮ ಬರಿಸಿದಳು. ದಿನಾ ಬಾಯಿಯವರ ಮುಂದೆ ಕೈ ಚಾಚುವುದು. ಮೊದಲು ಸೀನಿದರು, ಆಮೇಲೆ ಮೂಗು ಮುರಿದರು. ಜಯಂತಿಯ ಹಿಂದಿನ ದಿನ ಬೆಳಿಗ್ಗೆ ಬಹಳ ಹೊತ್ತು ಮೂಸಿ, "ಈಗ ಬರೇ ಕೈ ವಾಸನಿ ಐತಿ" ಅಂದರು.

ಡಬ್ಬಿಯಿಂದ ಮುಟ್ಟದ ಹೊಸ ರಬ್ಬರ್ ಮೀನು ತೆಗೆದಳು. ಬಿಸಿಲು ಇನ್ನೂ ಕಬ್ಬಿನ ಸುಳಿಯ ಮೇಲಿತ್ತು. ಮರಳ್ ಮೀನು ಎರಡು ತಾವರೆ ಬುಟ್ಟಿಗಳ ನಡುವೆ ಗಾಳಿ ನುಂಗಿತು. ದುಂಡವ್ವ ಅದರಾಚೆಗೆ ಎಸೆದು, ಮುಳುಗಲು ಬಿಟ್ಟು, ತಿರುಗಿಸಿದಳು. ನಿಲ್ಲಿಸಿದಳು. ತಿರುಗಿಸಿದಳು. ಬೀಡಿಯ ಕುತ್ತಿಗೆಗೆ ದಾರ ಸುತ್ತುವ ಬೆರಳನ್ನು ಗಾಳದ ದಾರದ ಮೇಲೆ ಇಟ್ಟಿದ್ದಳು. ಟಕ್.

ದಾರ ಬರಿದಾಗಲಿಲ್ಲ. ಭಾರವಾಯಿತು. ಭಾರ ನಡೆಯತೊಡಗಿತು.

ಎಳೆದಳು. ಹೊಂಡದ ನಡುವೆ ನೀರು ಒಡೆದು, ತೋಳುದ್ದದ ಕರೀ ಮೈ ಮೇಲೆ ಹಾರಿ ತಲೆ ಝಾಡಿಸಿತು. ಸಡಿಲ ಬಿಟ್ಟರೆ ಹೋಯಿತು! ಕೋಲನ್ನು ಅಡ್ಡ ಮಾಡಿ ಹಿಡಿದಳು. ಮೀನು ತಾವರೆ ಬುಟ್ಟಿಯ ಕಡೆ ಓಡಿತು. ಅವಳೂ ದಂಡೆಗುಂಟ ಓಡಿ ತಿರುಗಿಸಿದಳು. ಪ್ಲಾಸ್ಟಿಕ್ ಹಾಳೆಯ ಇಳಿಜಾರಿನಲ್ಲಿ ಕಾಲು ಜಾರಿ, ಮೊಣಕಾಲೂರಿ, ನೀರಿಗೆ ಇಳಿಯತೊಡಗಿದಳು.

"ಬಾಯಾರ! ಹಿಡೀರಿ!"

"ಮೀನ ನಾ ಮುಟ್ಟೂದಿಲ್ಲವ್ವಾ!"

"ಮೀನ ಅಲ್ರಿ, ನನ್ನ ಹಿಡೀರಿ!"

ಚಂದ್ರಮತಿಬಾಯಿಯವರು ಎರಡೂ ಕೈಯಿಂದ ದುಂಡವ್ವನ ನಡು ಹಿಡಿದು ಹಿಂದಕ್ಕೆ ಜಗ್ಗುತ್ತ, ಕಣ್ಣು ಮುಚ್ಚಿ ಣಮೋಕಾರ ಮಂತ್ರ ಶುರು ಮಾಡಿದರು. ಮಂತ್ರ ಯಾರಿಗಾಗಿಯೋ, ಮೀನಿಗೋ ದುಂಡವ್ವನಿಗೋ. ಮೀನು ಎಳೆದಾಗ ಮಂತ್ರ ಜೋರಾಗುತ್ತಿತ್ತು. ಕಬ್ಬಿಗೆ ನೀರು ಬಿಡುತ್ತಿದ್ದವರು ಸಲಿಕೆ ಒಗೆದು ಓಡಿ ಬಂದರು. ಹಾಲಸಿದ್ದನೂ ದಾರಿಯಲ್ಲಿ ಗಾಡಿ ನಿಲ್ಲಿಸಿ ಓಡಿ ಬಂದ. ನಗಲಿಕ್ಕೆ ಬಂದವನು ನಗುವುದನ್ನು ಮರೆತು ಕೂಗಿದ: "ಸಡ್ಲ ಬಿಡಬ್ಯಾಡ ಅಕ್ಕಾ! ದಣೀಲಿ ಅದು, ದಣೀಲಿ!"

ದಣಿಯಿತು. ಬೆಳ್ಳಗಿನ ಹೊಟ್ಟೆ ತೋರಿಸಿ, ದಂಡೆಯ ಹತ್ತಿರ ಮಗ್ಗುಲಾಯಿತು. ಹಾಲಸಿದ್ದ ಅಂಗಿ ಕಳಚಿ ನೀರಲ್ಲಿ ಅದ್ದಿ ಅದರೊಳಗೆ ಮೀನನ್ನು ಎತ್ತಿಕೊಂಡ. ದುಂಡವ್ವ ಎರಡು ಬೆರಳಿನಿಂದ ಗಾಳ ಹಿಡಿದು ಹಿಂದಕ್ಕೆ ತಳ್ಳಿದಳು. ಹಿಮ್ಮುಳ್ಳಿಲ್ಲದ ಗಾಳ, ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಒಂದು ಹನಿ ರಕ್ತವಿಲ್ಲ.

ನೀರಿನ ಡ್ರಮ್ಮಿನಲ್ಲಿ ಮೀನು, ಹಾಲಸಿದ್ದನ ಮೂರು ಗಾಲಿಯ ಟಮಟಮ್ ಗಾಡಿಯಲ್ಲಿ ಡ್ರಮ್ಮು, ಡ್ರಮ್ಮು ಹಿಡಿದು ದುಂಡವ್ವ, ಮಗ್ಗುಲಿಗೆ ಸೆರಗು ಸೊಂಟಕ್ಕೆ ಕಟ್ಟಿದ ಚಂದ್ರಮತಿಬಾಯಿಯವರು. ಗಾಡಿ ಇಳಿಯುವಂಥ ನದಿ ದಂಡೆಗೆ ಓಣಿಯ ಮುಂದಿನಿಂದಲೇ ಸುತ್ತಿ ಹೋಗಬೇಕು. ಬೀಡಿ ಕಟ್ಟುವ ಹೆಂಗಸರು ಮೊರ ಕೆಳಗಿಟ್ಟು ಎದ್ದು ನಿಂತರು.

"ಏನ ದುಂಡಕ್ಕಾ, ಮದಿವಿ ಮೆರವಣಗಿ ಏನ ಬೇ?"

"ಹೌದೇ, ವರಾ ಡ್ರಮ್ಮಿನಾಗ ಅದಾನ, ಬಗ್ಗಿ ನೋಡ್ರಿ! ಮುಂದ ಗಾಡಿ ಹೊಡ್ಯಾವ ಬೀಗರ ಕಡ್ಯಾವ, ಕುಬಸ ತೊಟಗೊಳ್ಳಾಕ ಹೊಂಟಾನ!"

ಅಂಗಿಯಿಲ್ಲದ ಹಾಲಸಿದ್ದ ನಾಚಿ ಹಾರನ್ ಒತ್ತಿದ. ಓಣಿಗೆ ಓಣಿಯೇ ನಕ್ಕಿತು.

ವೇದಗಂಗೆಯ ದಂಡೆಯಲ್ಲಿ ಡ್ರಮ್ಮು ಬಗ್ಗಿಸಿದರು. ಮರಳ್ ಮೀನು ತೆಳು ನೀರಿನಲ್ಲಿ ಒಂದು ಕ್ಷಣ ನಿಂತು, ಕಿವಿರು ಆಡಿಸಿ, ಬಾಲ ಒಂದು ಸಲ ಬೀಸಿ, ಆಳಕ್ಕೆ ಹೋಯಿತು. "ಹೋಗಪಾ," ಅಂದರು ಚಂದ್ರಮತಿಬಾಯಿಯವರು, "ನಿನ್ನ ಹೊಟ್ಟಿಪಾಡು ನೀ ನೋಡಿಕೋ, ನಮ್ಮ ಕಡೆ ಬರಬ್ಯಾಡ." ಆಮೇಲೆ ಪಂಪಿನ ಮನೆಯ ಕೀಲಿಯನ್ನು ದುಂಡವ್ವನ ಅಂಗೈಯಲ್ಲಿಟ್ಟರು.

ವಾಪಸ್ ಬರುವಾಗ ಓಣಿಯ ಬಾಯಿಯಲ್ಲಿ ಬೀಡಿ ಕಾರಕೂನ ನಿಂತಿದ್ದ. ಸುದ್ದಿ ಕೇಳಿ ಮೆತ್ತಗಾಗಿದ್ದ. "ಏ ದುಂಡವ್ವಾ, ಹೊಸಾಕಿ ಕಟ್ಟಿದ ಬೀಡಿ ಬಿಚ್ಚಿ ಬೀಳಾಕತ್ತಾವ. ನಾಳಿಂದ ಬಾ, ಎಲಿ ಕೊಡ್ತೀನಿ."

"ಬ್ಯಾಡ್ರಿ ಸಾಹೇಬ್ರ," ಅಂದಳು ದುಂಡವ್ವ, ಗಾಡಿಯಿಂದ ಇಳಿಯದೆ. "ಭಾಳ ತ್ರಾಸ ಪಟ್ಟು ತೊಳಕೊಂಡೀನಿ ಈ ಕೈ. ನಡೀಲೇ ಹಾಲಸಿದ್ದಾ, ಹೊಸಾ ಮೀನ ಬರೂದೈತಿ, ನಾ ನೀರ ಬಿಡಬೇಕು."